ನೆರಳಿನ ಮರಕ್ಕೇ ನೆರಳು ಬೇಕಿತ್ತು: ತುಮಕೂರಿನ ಒಂದು ಮನೆಯ ಸೀತಾ ಅಶೋಕ

ತುಮಕೂರಿನ ನಮ್ಮ ಮನೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಎರಡರಿಂದ ಸಂಜೆ ಆರರ ತನಕ ಬಿಸಿಲು ಹೊಡೆಯುತ್ತದೆ. ಆ ಗೋಡೆಯ ಒಳಗಡೆ ನಮ್ಮ ಅತ್ತೆಯ ಕೋಣೆ. 2011ರಲ್ಲಿ ಮನೆ ಕಟ್ಟಿಸುವಾಗ ಇದು ಯಾರಿಗೂ ಹೊಳೆಯಲಿಲ್ಲ. ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ರಾತ್ರಿ ಹತ್ತು ಗಂಟೆಗೆ ಮುಟ್ಟಿದರೂ ಗೋಡೆ ಬಿಸಿ. ಅತ್ತೆ ಚಾಪೆ ಸುತ್ತಿಕೊಂಡು ನಡುಮನೆಗೆ ಬಂದು ಮಲಗುತ್ತಿದ್ದರು.

ಗೋಡೆಗೂ ಕಾಂಪೌಂಡಿಗೂ ಮಧ್ಯೆ ಹದಿನಾಲ್ಕು ಅಡಿ ಜಾಗವಿದೆ. ಅಲ್ಲೊಂದು ನೆರಳಿನ ಮರ ಬೇಕಿತ್ತು. ಮಾವು, ಹಲಸು ಅಷ್ಟು ಜಾಗಕ್ಕೆ ಆಗುವುದಿಲ್ಲ. ಹೊಂಗೆಯ ನೆರಳು ತಂಪು ನಿಜ, ಆದರೆ ಅದು ಹರಡಿದರೆ ಪಕ್ಕದ ಮನೆಯ ತಾರಸಿ ತುಂಬಾ ಎಲೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅಶೋಕ. ತೀರ್ಥಹಳ್ಳಿ ಕಡೆಯ ಸೋದರಮಾವನ ಮನೆಗೆ ಬೇಸಿಗೆ ರಜೆಯಲ್ಲಿ ಹೋದಾಗ ತೋಟದ ಕೆಳಗಿನ ಹಳ್ಳದ ಬದಿಯಲ್ಲಿ ನೋಡುತ್ತಿದ್ದ ಮರ. ತುಂಬಾ ಎತ್ತರ ಹೋಗುವುದಿಲ್ಲ, 20ರಿಂದ 30 ಅಡಿ. ಎಲೆ ದಟ್ಟ. ವರ್ಷವಿಡೀ ಹಸಿರು. ಕೊಂಬೆಗೇ ಅಂಟಿಕೊಂಡ ಹಾಗೆ ಕಿತ್ತಳೆ ಹೂವಿನ ಗೊಂಚಲು.

ಆ ಮರ ನಮ್ಮ ಮನೆಯಲ್ಲಿ ಹೂ ಬಿಟ್ಟದ್ದು 2023ರ ಫೆಬ್ರವರಿಯಲ್ಲಿ. ಮೊದಲ ಗುಂಡಿ ತೋಡಿದ ಹನ್ನೊಂದು ವರ್ಷಕ್ಕೆ. ಅದರಲ್ಲಿ ಐದು ವರ್ಷ ನಾನು ಮಾಡಿದ ತಪ್ಪುಗಳಲ್ಲಿ ಕಳೆದುಹೋಯಿತು. ಬಯಲುಸೀಮೆಯಲ್ಲಿ ಈ ಮರ ಬೆಳೆಸಬೇಕು ಅನ್ನುವವರಿಗೆ ಆ ಐದು ವರ್ಷಗಳ ಕಥೆಯೇ ಜಾಸ್ತಿ ಉಪಯೋಗ. ಹಾಗಾಗಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ಹೆಸರು ಒಂದು, ಮರ ಎರಡು

2012ರ ಜೂನ್‌ನಲ್ಲಿ ಒಂದು ನರ್ಸರಿಗೆ ಹೋಗಿ ಅಶೋಕದ ಗಿಡ ಕೊಡಿ ಎಂದೆ. ಎರಡು ಕೊಟ್ಟರು. ಉದ್ದನೆಯ ಹೊಳೆಯುವ ಎಲೆ, ಅಂಚು ಅಲೆಅಲೆ. ನೆಟ್ಟೆವು. ಎರಡೇ ವರ್ಷದಲ್ಲಿ ಹತ್ತು ಅಡಿ ದಾಟಿತು. ಆದರೆ ಕೊಂಬೆ ಪಕ್ಕಕ್ಕೆ ಹೋಗಲೇ ಇಲ್ಲ, ಎಲ್ಲ ಕೆಳಮುಖವಾಗಿ ಕಾಂಡಕ್ಕೆ ಅಂಟಿಕೊಂಡವು. ಗೋಡೆಯ ಮೇಲೆ ಬಿದ್ದ ನೆರಳು ಎರಡು ಪಟ್ಟಿ. ರಜೆಗೆ ಬಂದ ಸೋದರಮಾವ ನೋಡಿದ ಕೂಡಲೇ ಹೇಳಿದರು, "ಇದು ಕಂಬದ ಮರ ಅಲ್ವಾ? ಅಶೋಕ ಎಂತಕ್ಕೆ ಅಂತೀಯ ಇದನ್ನ?"

ಈ ಗೊಂದಲ ನನ್ನೊಬ್ಬಳದಲ್ಲ. ಶಾಲೆ, ಕಚೇರಿ, ಕಲ್ಯಾಣ ಮಂಟಪಗಳ ಮುಂದೆ ಸಾಲಾಗಿ ನಿಂತಿರುವ ಕಂಬದಂಥ ಮರವನ್ನೇ ಎಲ್ಲರೂ ಅಶೋಕ ಎನ್ನುತ್ತಾರೆ. ಅದು ಸೀತಾಫಲದ ಕುಟುಂಬದ ಮರ. ಸಸ್ಯಶಾಸ್ತ್ರದವರು ಬಹಳ ಕಾಲ ಅದನ್ನು ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಎಂದು ಕರೆದರು. ಅದರ ಹೂ ತಿಳಿಹಸಿರು, ಎಲೆಯ ನಡುವೆ ಕಾಣುವುದೇ ಇಲ್ಲ. ನಿಜವಾದ ಅಶೋಕ ಸರಾಕಾ ಅಶೋಕ. ಅದು ಬೇಳೆಕಾಳಿನ ದೊಡ್ಡ ಕುಟುಂಬದ್ದು. ಆ ಕುಟುಂಬದೊಳಗೆ ಹುಣಸೆಯ ಹತ್ತಿರದ ಬಳಗ. ಕಂಬದ ಮರಕ್ಕೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಹಳಗನ್ನಡದಲ್ಲಿ ಇದಕ್ಕೆ ಅಸುಗೆ ಎಂಬ ಚೆಂದದ ಹೆಸರಿತ್ತು. ಆ ಹೆಸರು ಬಳಕೆಯಲ್ಲಿ ಉಳಿದಿದ್ದರೆ ಇಷ್ಟು ಗೊಂದಲ ಆಗುತ್ತಿರಲಿಲ್ಲವೇನೋ. ಈಗ ಬೇರೆ ಮಾಡಿ ಹೇಳಲು ಸೀತಾ ಅಶೋಕ ಎನ್ನಬೇಕು.

ನರ್ಸರಿಯಲ್ಲಿ ಗುರುತು ಹಿಡಿಯುವುದು ಸುಲಭ. ಕಂಬದ ಮರದಲ್ಲಿ ಎಲೆಗಳು ಒಂದೊಂದಾಗಿ ಇರುತ್ತವೆ, ಅಂಚು ಅಲೆಯಾಗಿರುತ್ತದೆ. ಸೀತಾ ಅಶೋಕದಲ್ಲಿ ಒಂದೇ ಕಡ್ಡಿಗೆ ಎದುರುಬದುರಾಗಿ ನಾಲ್ಕೈದು ಜೊತೆ ಎಲೆ, ಕಡ್ಡಿಯ ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಅಂಚು ಹೆಚ್ಚುಕಮ್ಮಿ ನೇರ. ಹಳದಿ ಹೂವಿನ ಇನ್ನೊಂದು ಸರಾಕಾ ಕೂಡ ಕೆಲವು ಕಡೆ ಸಿಗುತ್ತದೆ. ಅದು ಥಾಯ್ಲೆಂಡ್, ಮಲೇಷ್ಯಾ ಕಡೆಯದು. ಅದೂ ಚೆಂದವೇ, ಆದರೆ ನಮ್ಮ ಅಶೋಕ ಅಲ್ಲ.

ಹಳೆಯ ಎರಡು ಕಂಬದ ಮರಗಳಲ್ಲಿ ಒಂದನ್ನು ತೆಗೆಸಿದೆವು. ಗೇಟಿನ ಮೂಲೆಯದನ್ನು ಉಳಿಸಿಕೊಂಡೆ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ ಇರುವ ಬಾಲದ ಚಿಟ್ಟೆಯೊಂದು ಅದರ ಚಿಗುರಿನ ಮೇಲೆ ಮೊಟ್ಟೆ ಇಡಲು ಬರುತ್ತದೆ. ಆ ಮರ ಹೆಸರಿಗೆ ಮೋಸ ಮಾಡಿದ್ದಲ್ಲ, ನಾವು ತಪ್ಪಾಗಿ ಕರೆದದ್ದು.

ಸತ್ತ ಎರಡು ಗಿಡ

2014ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ನಿಜವಾದ ಅಶೋಕದ ಗಿಡ ತಂದೆ. ಎರಡು ಅಡಿ ಎತ್ತರ, ಕಡು ಹಸಿರು ಎಲೆ, ಆರೋಗ್ಯವಾಗಿತ್ತು. ನರ್ಸರಿಯಲ್ಲಿ ಅದು ಹಸಿರು ಬಲೆಯ ಕೆಳಗಿತ್ತು. ಆ ಬಲೆಯನ್ನು ನಾನು ನೋಡಿದ್ದೆ, ಆದರೆ ಅದು ಯಾಕಿದೆ ಎಂದು ಯೋಚಿಸಲಿಲ್ಲ. ನೆರಳು ಎಲ್ಲಿ ಬೇಕೋ ಅಲ್ಲೇ ತಾನೆ ಮರ ನೆಡುವುದು? ಇಡೀ ಮನೆಯಲ್ಲಿ ಅತಿ ಬಿಸಿಲಿನ ಜಾಗದಲ್ಲಿ ನೆಟ್ಟೆ.

ಮೂರು ವಾರಕ್ಕೆ ಹೊಸ ಚಿಗುರು ಬಂತು. ತಾಮ್ರದ ಬಣ್ಣ, ಮಿದು, ಗೊಂಚಲಾಗಿ ನೆಲದ ಕಡೆ ಜೋತುಬಿದ್ದಿತ್ತು. ನನಗೆ ಗಾಬರಿಯಾಯಿತು. ಬಾಡಿದೆ ಅಂದುಕೊಂಡು ಬೆಳಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ನೀರು ಹಾಕತೊಡಗಿದೆ. ಚಿಗುರು ಹಾಗೇ ಜೋತಿತ್ತು. ಇನ್ನೂ ಜಾಸ್ತಿ ಹಾಕಿದೆ.

ಅಶೋಕದ ಚಿಗುರು ಇರುವುದೇ ಹಾಗೆ. ಎಳೆ ಎಲೆಗೆ ಇನ್ನೂ ಗಟ್ಟಿತನ ಬಂದಿರುವುದಿಲ್ಲ, ಹಸಿರೂ ತುಂಬಿರುವುದಿಲ್ಲ. ಎರಡು ಮೂರು ವಾರ ಕುಚ್ಚಿನ ಹಾಗೆ ನೇತಾಡಿ, ಆಮೇಲೆ ನಿಧಾನವಾಗಿ ಹಸಿರಾಗಿ ಎದ್ದು ನಿಲ್ಲುತ್ತವೆ. ಮಾವಿನ ಚಿಗುರಿನಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ, ಆದರೆ ಅಶೋಕದಲ್ಲಿ ಇದು ತುಂಬಾ ಜಾಸ್ತಿ. ಗಿಡಕ್ಕೆ ನಿಜವಾಗಿ ಬಾಯಾರಿಕೆ ಆಗಿದೆಯೇ ಎಂದು ತಿಳಿಯಲು ಹಳೆಯ ಹಸಿರು ಎಲೆ ನೋಡಬೇಕು. ಅವು ಸೊರಗಿದ್ದರೆ ನೀರು ಬೇಕು. ಅವು ನೆಟ್ಟಗಿದ್ದು ಚಿಗುರು ಮಾತ್ರ ಜೋತಿದ್ದರೆ ಗಿಡ ಚೆನ್ನಾಗಿದೆ. ಮಣ್ಣಿಗೆ ಎರಡು ಬೆರಳು ಊರಿ ನೋಡಿದರೂ ಸಾಕಿತ್ತು. ನಾನು ನೋಡಲಿಲ್ಲ.

ಏಪ್ರಿಲ್ ಬಂತು. ಹಳೆ ಎಲೆಗಳ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕಂದು ಕಲೆ. ಎಲ್ಲ ಪಶ್ಚಿಮಕ್ಕೆ ಮುಖ ಮಾಡಿದ ಎಲೆಗಳೇ. ಮೇ ಎರಡನೇ ವಾರ ಗಿಡ ಸತ್ತಿತು. ಕಿತ್ತು ನೋಡಿದಾಗ ಬೇರು ಕಪ್ಪಗಾಗಿತ್ತು, ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂತು. ಮೇಲೆ ಬಿಸಿಲಿಗೆ ಬೆಂದಿತ್ತು, ಕೆಳಗೆ ನೀರಿಗೆ ಕೊಳೆತಿತ್ತು.

ಎರಡನೆಯದನ್ನು ಅದೇ ವರ್ಷದ ಜುಲೈನಲ್ಲಿ ನೆಟ್ಟೆ. ಮಳೆಗಾಲ, ಮೋಡ, ಚೆನ್ನಾಗಿ ಹಿಡಿಯಿತು. ಈ ಸಲ ನೀರು ಅಳತೆಯಲ್ಲಿ ಹಾಕಿದೆ. ಆದರೆ ಯಾವ ನೀರು? ಅಡಿಗೆಮನೆಯಲ್ಲಿ ಕುಡಿಯುವ ನೀರು ಸೋಸುವ ಆರ್‌ಒ ಮೆಷಿನ್‌ನಿಂದ ಹೊರಬರುವ ನೀರು ಸುಮ್ನೆ ಚರಂಡಿಗೆ ಹೋಗುತ್ತದಲ್ಲ ಎಂದು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೆ. ನೀರು ಉಳಿಸಿದ ಸಮಾಧಾನ ಬೇರೆ. ನಮ್ಮ ಬೋರ್ ನೀರೇ ಗಡಸು, ಪಾತ್ರೆಯ ತಳದಲ್ಲಿ ಬಿಳಿ ಕಟ್ಟುತ್ತದೆ. ಮೆಷಿನ್ ಆ ಉಪ್ಪನ್ನೆಲ್ಲ ಬೇರ್ಪಡಿಸಿ ಹೊರಗೆ ಹಾಕುವ ನೀರಿನಲ್ಲೇ ಕಳಿಸುತ್ತದೆ. ಅಂದರೆ ಬೋರ್ ನೀರಿಗಿಂತ ಉಪ್ಪಾದ ನೀರನ್ನು ಹುಡುಕಿ ಹುಡುಕಿ ಗಿಡಕ್ಕೆ ಹಾಕಿದ ಹಾಗಾಯಿತು.

ಎಲೆಯ ತುದಿಯಿಂದ ಒಣಗು ಶುರುವಾಯಿತು. ತುದಿ, ಆಮೇಲೆ ಅಂಚು, ಆಮೇಲೆ ಒಳಗೆ. ಹೊಸ ಎಲೆ ಬಂದರೆ ಹಳದಿ, ನರ ಮಾತ್ರ ಹಸಿರು. ಮಣ್ಣಿನ ಮೇಲೆ ಬೂದಿ ಚೆಲ್ಲಿದಂಥ ಬಿಳಿ ಪೊರೆ. ಒಂದೂವರೆ ವರ್ಷ ಎಳೆದಾಡಿ 2016ರ ಫೆಬ್ರವರಿಯಲ್ಲಿ ಅದೂ ಹೋಯಿತು. ಗುಂಡಿ ಅಗಲ ಮಾಡಿ ತೋಡಿದಾಗ ಇನ್ನೊಂದು ಕಾರಣ ಸಿಕ್ಕಿತು. ಮನೆ ಕಟ್ಟುವಾಗಿನ ಸಿಮೆಂಟ್ ಹೆಂಟೆ, ಗಾರೆ ಚೂರು, ಒಡೆದ ಇಟ್ಟಿಗೆ ಎಲ್ಲ ಗೋಡೆಯ ಪಕ್ಕವೇ ಹೂತಿದ್ದವು. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದಿದ್ದು ಅದಕ್ಕೇ. ಹೊಸ ಮನೆಯ ಗೋಡೆ ಪಕ್ಕ ಏನೇ ನೆಡುವವರು ಮೊದಲು ಮೂರಡಿ ತೋಡಿ ನೋಡಿ.

ಹಳ್ಳದ ಬದಿಯ ಪಾಠ

ಆ ವರ್ಷ ಆಷಾಢದಲ್ಲಿ ಸೋದರಮಾವನ ಮನೆಗೆ ಹೋಗಿದ್ದೆ. ಎರಡು ಗಿಡ ಹೋದ ಕಥೆ ಹೇಳಿದೆ. ಅವರು ಬೈಯಲಿಲ್ಲ. ಕೊಡೆ ಹಿಡಿದು ಹಳ್ಳದ ಹತ್ತಿರ ಕರೆದುಕೊಂಡು ಹೋದರು. "ಇಲ್ಲಿ ನೋಡು ಮಾರಾಯ್ತಿ, ಇದು ಎಲ್ಲಿ ನಿಂತಿದೆ?"

ಆಗ ನೋಡಿದೆ. ಚಿಕ್ಕಂದಿನಿಂದ ನೋಡಿದ್ದರೂ ಆವತ್ತೇ ಮೊದಲು ನೋಡಿದ ಹಾಗೆ. ಮೇಲೆ ಇನ್ನೂ ದೊಡ್ಡ ಮರಗಳು. ಅವುಗಳ ಕೆಳಗೆ ಅಶೋಕ. ಬುಡದಲ್ಲಿ ಗೇಣುದ್ದ ತರಗೆಲೆ. ಬೇರಿನ ಪಕ್ಕದಲ್ಲೇ ನೀರು ಹರಿಯುತ್ತಿದೆ, ಆದರೆ ನಿಂತಿಲ್ಲ. ಪಶ್ಚಿಮ ಘಟ್ಟದಲ್ಲಿ ಈ ಮರದ ಸಹಜ ಜಾಗ ಇದೇ. ನಿತ್ಯಹಸಿರು ಕಾಡಿನಲ್ಲಿ, ಹೊಳೆ ಹಳ್ಳಗಳ ದಡದಲ್ಲಿ, ಎತ್ತರದ ಮರಗಳ ಅಡಿಯಲ್ಲಿ.

"ಅಡಿಕೆ ಸಸಿ ನೆಟ್ಟರೆ ಬಾಳೆ ಹಾಕಲ್ವಾ ನಾವು? ಇದಕ್ಕೂ ಹಾಗೇ. ಎಳೆದರಲ್ಲಿ ಬಿಸಿಲು ತಡೆಯೂದಿಲ್ಲ. ದೊಡ್ಡದಾದ ಮೇಲೆ ಅದೇ ನೆರಳು ಕೊಡ್ತದೆ."

ಅಡಿಕೆ ತೋಟದ ಮನೆಯ ಮೊಮ್ಮಗಳು ನಾನು. ಈ ಲೆಕ್ಕ ನನಗೆ ಹೊಸದಾಗಿರಬಾರದಿತ್ತು. ತುಮಕೂರು ಸೀಮೆಯಲ್ಲೂ ಇದು ಹೊಸದಲ್ಲ. ವೀಳ್ಯದೆಲೆ ತೋಟದಲ್ಲಿ ಬಳ್ಳಿಗೆ ಮೊದಲು ಅಗಸೆ (ಎಣ್ಣೆಕಾಳಿನ ಅಗಸೆಯಲ್ಲ, ಹೂವಿನ ಪಲ್ಯ ಮಾಡುವ ಅಗಸೆ ಮರ), ನುಗ್ಗೆ ಎಬ್ಬಿಸುತ್ತಾರೆ. ಬಳ್ಳಿಗೆ ಹಬ್ಬಲು ಕಂಬವೂ ಆಯಿತು, ತೆಳ್ಳನೆ ನೆರಳೂ ಆಯಿತು. ತೋಟದಲ್ಲಿ ಎಲ್ಲರಿಗೂ ಗೊತ್ತಿರುವ ಈ ಮಾತು ಸೈಟಿನ ಮನೆಗೆ ಬಂದಾಗ ಮರೆತುಹೋಗುತ್ತದೆ. ಮರ ಎಂದರೆ ಬಿಸಿಲಿಗೆ ನಿಲ್ಲಿಸುವ ಛತ್ರಿ ಎಂದುಕೊಂಡುಬಿಡುತ್ತೇವೆ.

ಮರದ ಕೆಳಗೆ ಕಾಯಿ ಬಿದ್ದಿದ್ದವು. ಚಪ್ಪಟೆ, ಅಗಲ, ಚರ್ಮದಂಥ ಸಿಪ್ಪೆ. ಒಣಗಿ ಬಿರಿದ ಕಾಯಿಗಳಿಂದ ಬೀಜ ಆರಿಸಿದೆವು. ಹೆಬ್ಬೆರಳ ಗಾತ್ರದ ಚಪ್ಪಟೆ ಬೀಜ. ಸುಮಾರು ಬೀಜಗಳಿಗೆ ಹುಳ ಹಿಡಿದಿತ್ತು. ಹನ್ನೊಂದು ಒಳ್ಳೆಯವು ಸಿಕ್ಕಿದವು. ಮಾವ ಒಂದು ಮಾತು ಹೇಳಿ ಕಳಿಸಿದರು, ಊರಿಗೆ ಹೋದ ದಿನವೇ ಹಾಕು ಎಂದು. ರಾಗಿ, ಅವರೆ ಬೀಜದ ಹಾಗೆ ಇದನ್ನು ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ. ಒಣಗಿದರೆ ಮೊಳಕೆ ಸಾಯುತ್ತದೆ. ಹಲಸಿನ ಬೀಜದ ಗುಣವೇ ಇದಕ್ಕೂ. ಒದ್ದೆ ಗೋಣಿ ಚೂರಿನಲ್ಲಿ ಸುತ್ತಿಕೊಂಡು ಬಂದೆ.

ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿದ ಕವರ್‌ಗಳಲ್ಲಿ ಬೀಜವನ್ನು ಮಲಗಿಸಿ ಒಂದು ಬೆರಳಿನಷ್ಟು ಮಣ್ಣು ಮುಚ್ಚಿದೆ. ಹದಿನೆಂಟನೇ ದಿನ ಮೊದಲ ಮೊಳಕೆ. ಒಟ್ಟು ಎಂಟು ಬಂದವು. ನೀರಿನ ಸಂಪಿನ ಪಕ್ಕ, ಬೆಳಗಿನ ಎರಡು ಗಂಟೆ ಮಾತ್ರ ಬಿಸಿಲು ಬೀಳುವ ಜಾಗದಲ್ಲಿ ಒಂದು ವರ್ಷ ಇಟ್ಟೆ. ಮಳೆನೀರು ಹಿಡಿದು ಹಾಕಿದೆ. 2017ರ ಜೂನ್ ಹೊತ್ತಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ಒಂದೂವರೆ ಅಡಿ ಇತ್ತು.

ಈ ಒಂದು ವರ್ಷ ಸುಮ್ನೆ ಕಾಯಲಿಲ್ಲ. ಅದೇ ವರ್ಷ ನೆಡುವ ಜಾಗದಲ್ಲಿ ನೆರಳು ಬೆಳೆಸಿದೆ.

ಬಾಳೆ, ಅಗಸೆ, ಆಮೇಲೆ ನುಗ್ಗೆ

ಗುಂಡಿ ಮೂರಡಿ ಉದ್ದ, ಅಗಲ, ಆಳ. ಗೋಡೆಯಿಂದ ಒಂಬತ್ತು ಅಡಿ ದೂರ. ಗಾರೆ ಚೂರುಗಳನ್ನೆಲ್ಲ ಆರಿಸಿ ತೆಗೆಸಿದೆವು, ಅದೇ ಎರಡು ಗಾಡಿ ಆಯಿತು. ತಳದಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಗಳನ್ನು ಬೋರಲು ಹಾಕದೆ ಅಂಗಾತ ಜೋಡಿಸಿದೆವು. ತೆಂಗಿನ ಸೀಮೆಯಲ್ಲಿ ಮಟ್ಟೆಗೆ ಬರವೇ? ಅವು ನೀರು ಹಿಡಿದಿಟ್ಟುಕೊಳ್ಳುತ್ತವೆ. ಅದರ ಮೇಲೆ ಕೆಮ್ಮಣ್ಣು, ಕೆರೆ ಗೋಡು (ಹೂಳು), ಹಳೆಯ ಕೊಟ್ಟಿಗೆ ಗೊಬ್ಬರ. ಗೋಡು ಕಾಲುಭಾಗಕ್ಕಿಂತ ಜಾಸ್ತಿ ಹಾಕಲಿಲ್ಲ, ಯಾಕೆಂದರೆ ಅದು ಹೆಚ್ಚಾದರೆ ನೀರು ನಿಲ್ಲುತ್ತದೆ.

ಗುಂಡಿಯಿಂದ ನಾಲ್ಕು ಅಡಿ ಪಶ್ಚಿಮಕ್ಕೆ, ಕಾಂಪೌಂಡಿನ ಪಕ್ಕ, ಎರಡು ಏಲಕ್ಕಿ ಬಾಳೆ. ನೈಋತ್ಯಕ್ಕೆ ಒಂದು ಅಗಸೆ. ಅಗಸೆ ಒಂದೇ ವರ್ಷದಲ್ಲಿ ಹನ್ನೆರಡು ಅಡಿ ಎದ್ದಿತು. ಅದರ ಎಲೆ ಸಣ್ಣ, ನೆರಳು ಜರಡಿ ಹಿಡಿದ ಹಾಗೆ. ಎಳೆ ಗಿಡಕ್ಕೆ ಬೇಕಾದದ್ದು ಅಂಥದ್ದೇ. ಕತ್ತಲೆಯಲ್ಲ, ಸೋಸಿದ ಬಿಸಿಲು. ಹೂವಿನ ಪಲ್ಯ ಲಾಭಕ್ಕೆ.

ಮೊದಲ ಬೇಸಿಗೆ ಮಾರ್ಚ್, ಏಪ್ರಿಲ್ ಚೆನ್ನಾಗಿ ಕಳೆಯಿತು. 2018ರ ಮೇ ತಿಂಗಳಲ್ಲಿ ಮತ್ತೆ ಎಲೆ ಸುಟ್ಟಿತು! ಈ ಸಲ ವಾಯವ್ಯದ ಕಡೆಯ ಎಲೆಗಳು ಮಾತ್ರ. ಎರಡು ದಿನ ಸಂಜೆ ಕೂತು ನೋಡಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಮೇ, ಜೂನ್‌ನಲ್ಲಿ ಸಂಜೆಯ ಬಿಸಿಲು ಬರುವುದು ವಾಯವ್ಯದಿಂದ. ನಾನು ಚಳಿಗಾಲದ ಬಿಸಿಲು ನೋಡಿ ನೈಋತ್ಯಕ್ಕೆ ಅಗಸೆ ಹಾಕಿದ್ದೆ. ಸದ್ಯಕ್ಕೆ ಆ ಕಡೆ ಎರಡು ಗಳ ನೆಟ್ಟು ತೆಂಗಿನ ಗರಿ ಕಟ್ಟಿದೆ. ಮಳೆ ಬಂದ ಮೇಲೆ ಅಲ್ಲೊಂದು ನುಗ್ಗೆ ಕೊಂಬೆ ಊರಿದೆ. ನೆರಳಿನ ಲೆಕ್ಕ ಹಾಕುವವರು ಬೇಸಿಗೆಯಲ್ಲೇ ಒಂದು ಸಂಜೆ ಆ ಜಾಗದಲ್ಲಿ ನಿಂತು ನೋಡಬೇಕು.

ಕಾಂಡದ್ದು ಬೇರೆ ಕಥೆ. ಮಲೆನಾಡಿನಲ್ಲಿ ಅಡಿಕೆ ಮರದ ಕಾಂಡಕ್ಕೆ ಸಂಜೆ ಬಿಸಿಲು ಬಿದ್ದರೆ ಸುಟ್ಟು ಸೀಳುತ್ತದೆ ಎಂದು ಆ ಕಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ. ಅಶೋಕದ ಎಳೆ ತೊಗಟೆಯೂ ತೆಳು. ನಾನು ಮೂರು ವರ್ಷ ಬೇಸಿಗೆಯಲ್ಲಿ ಅದಕ್ಕೂ ಸಡಿಲವಾಗಿ ಸೋಗೆ ಕಟ್ಟಿದೆ.

ನೀರು ವಾರಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮೂರು. ಆರ್‌ಒ ನೀರು ಈಗ ಬಚ್ಚಲು ತೊಳೆಯಲು ಮಾತ್ರ. ಗಿಡಕ್ಕೆ ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ಮಳೆಗಾಲದಲ್ಲಿ ತಾರಸಿಯ ನೀರು. ಬುಡಕ್ಕೆ ತರಗೆಲೆ, ಅಡಿಕೆ ಸಿಪ್ಪೆ ನಾಲ್ಕು ಬೆರಳು ದಪ್ಪ ಹರಡಿದೆ. ಒಂದು ಸಲ ಕಾಂಡಕ್ಕೆ ತಾಗುವ ಹಾಗೆ ಹಾಕಿ ಗೆದ್ದಲು ಹತ್ತಿತು. ಅಂದಿನಿಂದ ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡುತ್ತೇನೆ. ಹಿಟ್ಟುತಿಗಣೆ ಎರಡು ವರ್ಷ ಚಿಗುರಿಗೆ ಬಂತು, ಸೋಪಿನ ನೀರಿಗೆ ಹೋಯಿತು.

ಬೆಳವಣಿಗೆ ನಿಧಾನ, ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. 2019ರ ಕೊನೆಗೆ ನಮ್ಮ ಮರ ಐದು ಅಡಿ. 2021ರಲ್ಲಿ ಒಂಬತ್ತು. ಅದೇ ಹೊತ್ತಿಗೆ ನೆಟ್ಟಿದ್ದ ಎದುರು ಮನೆಯವರ ಮಳೆಮರ ಎರಡು ಮಾಳಿಗೆ ದಾಟಿತ್ತು. "ನಿಮ್ಮದು ಬೋನ್ಸಾಯ್ ಏನ್ರೀ?" ಎಂದು ಅವರು ಕೇಳುತ್ತಿದ್ದರು. ಆಮೇಲೆ ಅವರ ಮಳೆಮರದ ಬೇರು ಕಾಂಪೌಂಡ್ ಎತ್ತಿತು, ಕಡಿಸಬೇಕಾಯಿತು. ಅವರಿಗೆ ಬಹಳ ಬೇಜಾರಾಗಿತ್ತು, ನನಗೂ.

ನೆರಳು ಕೊಟ್ಟವರನ್ನು ಒಂದೇ ಸಲ ತೆಗೆಯಲಿಲ್ಲ. 2020ರಲ್ಲಿ ಬಾಳೆ. 2021ರಲ್ಲಿ ಅಗಸೆಯ ಅರ್ಧ ಕೊಂಬೆ. ಅಗಸೆಯ ಮರ ಪೊಳ್ಳು, ಹೆಚ್ಚು ವರ್ಷ ಬಾಳುವುದೂ ಇಲ್ಲ, ಗಾಳಿಗೆ ಮುರಿದು ಅಶೋಕದ ಮೇಲೆ ಬೀಳುವ ಭಯವಿತ್ತು. 2022ರ ಮಳೆಗಾಲದಲ್ಲಿ ಅದನ್ನು ಪೂರ್ತಿ ತೆಗೆದೆವು. ಮೋಡದ ದಿನಗಳಲ್ಲಿ ತೆಗೆದರೆ ಗಿಡ ಬಿಸಿಲಿಗೆ ಮೆಲ್ಲಗೆ ಹೊಂದಿಕೊಳ್ಳುತ್ತದೆ. ನುಗ್ಗೆ ಇನ್ನೂ ಇದೆ, ಸಾರಿಗೆ ಬೇಕಲ್ಲ.

ಹೂ

ಮರ ಮನೆಗೆ ಬಂದಾಗ ಅತ್ತೆಗೆ ಮನಸ್ಸಿರಲಿಲ್ಲ. "ಸೀತೆ ಕೂತು ಅತ್ತ ಮರ ಕಣಮ್ಮ ಅದು, ಕಿಟಕಿ ಪಕ್ಕ ಯಾಕೆ?" ಎಂದಿದ್ದರು. ಅಶೋಕ ಎಂದರೆ ಶೋಕ ಇಲ್ಲದ್ದು ಅಂತ ನಾನು ಹೇಳಿದ್ದು ಅವರಿಗೆ ಒಪ್ಪಿಗೆಯಾಗಿರಲಿಲ್ಲ.

2023ರ ಫೆಬ್ರವರಿ ಎರಡನೇ ವಾರ. ಕಾಂಡದಲ್ಲಿ, ಎದೆಯ ಎತ್ತರದಲ್ಲಿ, ಹಸಿರು ಗಂಟಿನಂಥದ್ದು ಕಂಡಿತು. ರೋಗ ಅಂದುಕೊಂಡೆ. ಹತ್ತು ದಿನಕ್ಕೆ ಅದು ಅರಳಿತು. ಅಂಗೈಯಗಲದ ಗೊಂಚಲು. ಹೊಸದಾಗಿ ಬಿರಿದ ಹೂ ಹಳದಿ, ಒಂದೆರಡು ದಿನಕ್ಕೆ ಕಿತ್ತಳೆ, ಆಮೇಲೆ ಕೆಂಪು. ಮೂರೂ ಬಣ್ಣ ಒಂದೇ ಗೊಂಚಲಿನಲ್ಲಿ. ಒಂದೊಂದು ಹೂವಿನಿಂದಲೂ ಉದ್ದನೆಯ ಕೇಸರಗಳು ಹೊರಗೆ ಚಾಚಿರುತ್ತವೆ. ಅಶೋಕದ ಹೂವಿಗೆ ದಳ ಇಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನಾವು ದಳ ಅಂದುಕೊಳ್ಳುವ ನಾಲ್ಕು ಎಸಳು ನಿಜಕ್ಕೂ ಹೂವಿನ ಹೊರಕವಚ. ಬೇರೆ ಹೂಗಳಲ್ಲಿ ಹಸಿರಾಗಿ ಕೆಳಗೆ ಇರುವ ಭಾಗ ಇಲ್ಲಿ ಬಣ್ಣ ಹಚ್ಚಿಕೊಂಡು ನಿಂತಿದೆ.

ಪರಿಮಳ ರಾತ್ರಿ ಜಾಸ್ತಿ. ಅತ್ತೆ ಕಿಟಕಿ ತೆಗೆಸಿದರು. ಎರಡನೇ ರಾತ್ರಿ, ದೀಪ ಆರಿಸುವಾಗ, "ಸೀತಮ್ಮನಿಗೆ ನೆರಳು ಕೊಟ್ಟಿದ್ದೂ ಇದೇ ಅಲ್ವಾ" ಎಂದರು. ಅಷ್ಟೇ ಹೇಳಿದ್ದು. ಮಾರನೇ ದಿನದಿಂದ ಬಿದ್ದ ಹೂ ಆರಿಸಿ ದೇವರಿಗೆ ಇಡತೊಡಗಿದರು.

ಹೆಂಗಸರು ಗೆಜ್ಜೆಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಎಂದು ಹಳೆಯ ಕವಿಗಳು ಬರೆದರು. ನಮ್ಮ ಮರದಲ್ಲಿ ಹೂ ಬಂದದ್ದು ಅಗಸೆ ತೆಗೆದು ಬೆಳಕು ಹೆಚ್ಚಾದ ಮುಂದಿನ ಬೇಸಿಗೆಗೆ. ಒಂದೇ ಮರ ನೋಡಿ ಅದೇ ಕಾರಣ ಎನ್ನಲಾರೆ, ವಯಸ್ಸೂ ಬಂದಿತ್ತು. ಆದರೆ ಒಂದು ಎಚ್ಚರ ಹೇಳಬಹುದು. ಹೂ ಬರುವುದು ಬಲಿತ ಕೊಂಬೆ ಮತ್ತು ಕಾಂಡದ ಮೇಲೆ. ಅಚ್ಚುಕಟ್ಟಾಗಿ ಕಾಣಲಿ ಎಂದು ಪ್ರತಿ ವರ್ಷ ಕೊಂಬೆ ಸವರಿದರೆ ಹೂ ಬರುವ ಜಾಗವನ್ನೇ ಕತ್ತರಿಸಿದ ಹಾಗೆ. ನಾನು ಆರಡಿಗಿಂತ ಕೆಳಗಿನ ಸಣ್ಣ ರೆಂಬೆಗಳನ್ನು ಮಾತ್ರ, ವರ್ಷಕ್ಕೆ ಒಂದೆರಡರಂತೆ ತೆಗೆದಿದ್ದೇನೆ.

ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. 2024ರ ಬೇಸಿಗೆಯಲ್ಲಿ ನಮ್ಮ ಬೋರ್ ಅರ್ಧ ಗಂಟೆ ಓಡಿ ನಿಲ್ಲುತ್ತಿತ್ತು. ಮರಕ್ಕೆ ದಿನಕ್ಕೆ ಒಂದು ಬಕೆಟ್, ಅದೂ ತೊಳೆದ ನೀರೇ. ಹೂ ನಾಲ್ಕೈದು ಗೊಂಚಲು ಮಾತ್ರ ಬಂದು ಉದುರಿದವು, ಎಲೆಯೂ ತೆಳುವಾಯಿತು. ಆದರೆ ಸಾಯಲಿಲ್ಲ. ಗುಂಡಿಯ ತಳದ ಮಟ್ಟೆ, ಬುಡದ ತರಗೆಲೆ ಕಾಪಾಡಿದವು ಅಂತ ನನ್ನ ನಂಬಿಕೆ. ಕಂಬದ ಮರ ಆ ಬರದಲ್ಲೂ ಕಂಬದ ಹಾಗೇ ನಿಂತಿತ್ತು, ಅದನ್ನೂ ಹೇಳಬೇಕು.

ತೊಗಟೆ ಕೇಳಲು ಬಂದವರು

ಹೂ ಬಿಟ್ಟ ಮೇಲೆ ಇದು ನಿಜವಾದ ಅಶೋಕ ಎಂದು ಬೀದಿಗೆಲ್ಲ ಗೊತ್ತಾಯಿತು. ಒಬ್ಬರು ಬಂದು ತೊಗಟೆ ಕೇಳಿದರು. ಮನೆಯ ಹೆಣ್ಣುಮಗಳಿಗೆ ತಿಂಗಳ ರಕ್ತಸ್ರಾವ ನಿಲ್ಲುತ್ತಿಲ್ಲ, ಕಷಾಯ ಮಾಡಬೇಕು ಎಂದರು. ಅಶೋಕದ ತೊಗಟೆ ಹೆಂಗಸರ ತೊಂದರೆಗೆ ಆಯುರ್ವೇದದಲ್ಲಿ ಹಳೆಯ ಮದ್ದು, ಅಶೋಕಾರಿಷ್ಟ ಎಂಬ ಔಷಧಿಯ ಮುಖ್ಯ ವಸ್ತು. ಆದರೆ ಅಷ್ಟು ರಕ್ತ ಹೋಗುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು, ಮರದ ಹತ್ತಿರ ಬರುವುದಲ್ಲ. ಹಾಗೇ ಹೇಳಿದೆ. ತೋರಿಸಿದರು. ಗರ್ಭಕೋಶದಲ್ಲಿ ಗಡ್ಡೆ ಇತ್ತು, ಚಿಕಿತ್ಸೆ ಆಯಿತು.

ಇನ್ನಿಬ್ಬರು ಕೇಳದೆಯೇ ಬಂದರು. ಒಂದು ಬೆಳಗ್ಗೆ ನೋಡಿದರೆ ಕಾಂಪೌಂಡಿನ ಕಡೆ ಅಂಗೈಯಗಲ ತೊಗಟೆ ಕೆತ್ತಿದ್ದಾರೆ. ಆ ದಿನ ನನಗೆ ಊಟ ಸೇರಲಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಒಂದು ಪಟ್ಟಿ ಕೆತ್ತಿದರೆ ಮರ ಮಾಯಿಸಿಕೊಳ್ಳುತ್ತದೆ, ಸುತ್ತ ಕೆತ್ತಿದರೆ ಸಾಯುತ್ತದೆ. ಕಾಡಿನಲ್ಲಿ ಈ ಮರಕ್ಕೆ ಆಗಿರುವುದು ಇದೇ. ತೊಗಟೆಯ ಬೇಡಿಕೆಯಿಂದ ಕಡಿದು, ಕೆತ್ತಿ, ಅದು ಎಷ್ಟು ಕಡಿಮೆಯಾಗಿದೆಯೆಂದರೆ 1998ರಲ್ಲೇ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಮರಗಳ ಸಾಲಿಗೆ ಸೇರಿತು. ನಿಜವಾದದ್ದು ಸಿಗದೆ ಪೇಟೆಯಲ್ಲಿ ಕಂಬದ ಮರದ ತೊಗಟೆಯನ್ನು ಅಶೋಕದ್ದೆಂದು ಬೆರೆಸಿ ಮಾರುತ್ತಾರೆ. ಹೆಸರಿನ ಗೊಂದಲ ನನಗೆ ಎರಡು ವರ್ಷ ನುಂಗಿತು, ಔಷಧಿ ತೆಗೆದುಕೊಳ್ಳುವವರಿಗೆ ಅದರಿಂದ ಆಗುವ ಮೋಸ ಇನ್ನೂ ದೊಡ್ಡದು. ನಮ್ಮ ಮರದ ಗಾಯ ಈಗ ಅಂಚಿನಿಂದ ಮುಚ್ಚುತ್ತಾ ಬಂದಿದೆ.

ಗೋಡೆಯ ಲೆಕ್ಕ

ಈಗ ಮರ ಹದಿನೇಳು ಅಡಿ. ಹರಹು ಹನ್ನೆರಡು ಅಡಿಯ ಹತ್ತಿರ. ಮೂರು ಗಂಟೆಯಿಂದ ಆಚೆಗೆ ಅತ್ತೆಯ ಕೋಣೆಯ ಗೋಡೆಯ ಮುಕ್ಕಾಲು ಭಾಗ ನೆರಳಲ್ಲಿರುತ್ತದೆ. ಆ ಕೋಣೆಯಲ್ಲಿ ಉಷ್ಣತೆ ತೋರಿಸುವ ಗಡಿಯಾರ ಒಂದಿದೆ. 2017ರ ಏಪ್ರಿಲ್‌ನಲ್ಲಿ ಸಂಜೆ ಐದಕ್ಕೆ ಅದು 36 ಡಿಗ್ರಿ ತೋರಿಸುತ್ತಿತ್ತು. 2025ರ ಏಪ್ರಿಲ್‌ನಲ್ಲಿ 33ರ ಆಸುಪಾಸು. ಮಧ್ಯೆ ತಾರಸಿಗೆ ಬಿಳಿ ಬಣ್ಣ ಹೊಡೆಸಿದ್ದೇವೆ, ಹಾಗಾಗಿ ಮೂರೂ ಡಿಗ್ರಿ ಮರದ್ದೇ ಎಂದು ಹೇಳುವುದಿಲ್ಲ. ಆದರೆ ರಾತ್ರಿ ಗೋಡೆ ಮುಟ್ಟಿದರೆ ಬಿಸಿ ಇರುವುದಿಲ್ಲ. ಅತ್ತೆಗೆ ಈಗ ಎಂಬತ್ತಮೂರು. ಅವರು ತಮ್ಮ ಮಂಚದಲ್ಲೇ ಮಲಗುತ್ತಾರೆ.

2025ರಲ್ಲಿ ಮೊದಲ ಸಲ ಕಾಯಿ ನಿಂತವು. ಎಳೆಯದರಲ್ಲಿ ನೇರಳೆಗೆಂಪು, ಬಲಿತಂತೆ ಕಂದು. ಆರು ಕಾಯಿಂದ ಹದಿನಾಲ್ಕು ಒಳ್ಳೆ ಬೀಜ ಸಿಕ್ಕಿದವು, ಅದೇ ದಿನ ಹಾಕಿದೆ. ಒಂಬತ್ತು ಮೊಳೆತಿವೆ. ಆ ಕವರ್‌ಗಳನ್ನು ಸಂಪಿನ ಪಕ್ಕ ಇಡಬೇಕಾಗಲಿಲ್ಲ, ಮರದ ಬುಡದಲ್ಲೇ ಇಟ್ಟಿದ್ದೇನೆ.

ಮಳೆಮರ ಕಡಿಸಿದ ಎದುರು ಮನೆಯವರು ಕಳೆದ ವಾರ ಬಂದು ಒಂದು ಗಿಡ ಕೇಳಿದರು. ಅವರ ಮನೆಗೂ ಪಶ್ಚಿಮದ ಬಿಸಿಲೇ. ಗಿಡ ಬರುವ ವರ್ಷದ ಜೂನ್‌ಗೆ ಕೊಡುತ್ತೇನೆ ಎಂದು ಹೇಳಿ, ಈಗ ಎರಡು ಬಾಳೆ ಕಂದು, ಒಂದು ಮುಷ್ಟಿ ಅಗಸೆ ಬೀಜ ಕೊಟ್ಟು ಕಳಿಸಿದೆ.